ಎಂಜಿನ್ ಆರಿಸದ ಭಾನುವಾರಗಳು

ಹೋದ ತಿಂಗಳು ನಮ್ಮ ಹೈಬ್ರಿಡ್ ಕಾರು ಶೆಡ್ಡಿನಲ್ಲೇ ಮುನಿಸಿಕೊಂಡು ಕೂತಿತು. ಮಳೆ ಜೋರೆಂದು ಕೆಲವು ವಾರ ಹೊರಗೆ ತೆಗೆದಿರಲಿಲ್ಲ, ಅಷ್ಟೇ. ಗುಂಡಿ ಒತ್ತಿದರೆ ಒಂದು ದೀಪವೂ ಹತ್ತಲಿಲ್ಲ. ಶಿವಮೊಗ್ಗದಿಂದ ಬಂದ ಮೆಕ್ಯಾನಿಕ್ ಡಿಕ್ಕಿಯ ಮ್ಯಾಟು ಎತ್ತಿ ಮೂಲೆಯಲ್ಲಿದ್ದ ಪುಟ್ಟ ಬ್ಯಾಟರಿಯೊಂದನ್ನು ತೋರಿಸಿದರು. "ದೊಡ್ಡ ಬ್ಯಾಟರಿ ಚೆನ್ನಾಗೇ ಐತೆ ಮೇಡಂ. ಅದನ್ನ ಎಬ್ಬಿಸೋದು ಈ ಸಣ್ಣದು. ಇದು ಮಲಗಿದ್ರೆ ಅದೂ ಏಳಲ್ಲ." ಆಮೇಲೆ ಬುದ್ಧಿವಾದ ಶುರುವಾಯಿತು. ವಾರಕ್ಕೊಮ್ಮೆಯಾದರೂ ದೂರ ಓಡಿಸಬೇಕು, ಕೀಲಿಯನ್ನು ಕಾರಿನ ಹತ್ತಿರ ಇಡಬಾರದು, ಊರಿಗೆ ಹೋಗುವುದಿದ್ದರೆ ಸಣ್ಣ ಚಾರ್ಜರ್ ಸಿಕ್ಕಿಸಿ ಹೋಗಬೇಕು. ನಮ್ಮವರು ಪುರಾಣ ಕೇಳುವವರ ಹಾಗೆ ತಲೆಯಾಡಿಸುತ್ತಿದ್ದರು.

"ಒಳಗಿನ ಲೈಟ್ ಯಾರಾದ್ರೂ ಆನ್ ಮಾಡಿ ಬಿಟ್ಟಿದ್ರಾ?" ಎಂದು ಮೆಕ್ಯಾನಿಕ್ ಕೇಳಿದಾಗ ನಮ್ಮವರು ನನ್ನ ಮುಖ ನೋಡಿದರು.

"ಈ ಮನೇಲಿ ಈಗ ಅಂಥೋರು ಯಾರೂ ಇಲ್ಲ" ಎಂದೆ.

ಮೆಕ್ಯಾನಿಕ್ ಟರ್ಮಿನಲ್ ಬಿಚ್ಚಿದರು. ಅದರ ಸುತ್ತ ಬಿಳಿ ಹಸಿರು ಹುಡಿ ಕಟ್ಟಿತ್ತು. ಹುಳಿ ಹುಳಿಯಾದ ಆ ವಾಸನೆ ಮೂಗಿಗೆ ಬಡಿಯಿತು. ನನಗೆ ಅದು ಬ್ಯಾಟರಿಯ ವಾಸನೆಯಲ್ಲ, ನಮ್ಮ ಅತ್ತೆಯವರ ಭಾನುವಾರದ ವಾಸನೆ.

ತೊಂಬತ್ತರ ದಶಕದ ನಡುವಿನ ಒಂದು ಮಳೆಗಾಲ ಅದು. ನಾನು ದಾವಣಗೆರೆಯಿಂದ ಶಿಕಾರಿಪುರದ ಈ ಮನೆಗೆ ಸೊಸೆಯಾಗಿ ಬಂದು ಹೆಚ್ಚು ಕಾಲವಾಗಿರಲಿಲ್ಲ. ಮನೆಯಲ್ಲಿ ಭತ್ತದ ವ್ಯಾಪಾರ. ಮನೆ ಮುಂದಿನ ಶೆಡ್ಡಿನಲ್ಲಿ ಮಾವನವರ ಡೀಸೆಲ್ ಅಂಬಾಸಿಡರ್. ನಮ್ಮ ಕಡೆ ಸೋಮವಾರ ಎತ್ತಿನ ಹೆಗಲ ಮೇಲೆ ನೊಗ ಇಡುವುದಿಲ್ಲ, ಅದು ಬಸವಣ್ಣನ ದಿನ. ಮಾವನವರು ಆ ನೇಮವನ್ನು ಕಾರಿಗೂ ಹಚ್ಚಿದ್ದರು. ಸೋಮವಾರ ಕಾರಿಗೆ ಸ್ನಾನ, ವಿಭೂತಿ, ಬಾನೆಟ್ಟಿನ ಮೇಲೆ ಎರಡು ಹೂವು. ಊರು ಮುಳುಗಿದರೂ ಆ ದಿನ ಎಂಜಿನ್ ಚಾಲೂ ಮಾಡುವಂತಿರಲಿಲ್ಲ.

ಆ ವರ್ಷ ಮುಂಗಾರು ಹಿಡಿಯುವ ಹೊತ್ತಿಗೆ ಮಾವನವರಿಗೆ ಲಕ್ವ ಹೊಡೆಯಿತು. ಬಲಗೈ, ಬಲಗಾಲು ಬಿದ್ದುಹೋದವು. ಮಾತು ಅರ್ಧಕ್ಕರ್ಧ ಉಳಿಯಿತು. ಮಂಚವನ್ನು ಶೆಡ್ಡಿಗೆ ಎದುರಾದ ಕಿಟಕಿಯ ಪಕ್ಕ ಹಾಕಿಸಿಕೊಂಡರು. ದಿನವಿಡೀ ಕಾರು ನೋಡುತ್ತ ಮಲಗಿರುತ್ತಿದ್ದರು. ನಮ್ಮವರಿಗೆ ಕಾರು ಓಡಿಸುವ ಅಧಿಕಾರವಿರಲಿಲ್ಲ. ಹಿಂದೊಮ್ಮೆ ಅಕ್ಕಿ ಗಿರಣಿಯ ಗೇಟಿನ ಕಂಬಕ್ಕೆ ಗುದ್ದಿದ ಮೇಲೆ ಅವರ ಪಾಲಿಗೆ ಸ್ಕೂಟರೇ ಖಾಯಂ ಆಗಿತ್ತು. ಹೀಗಾಗಿ ಕಾರು ನಿಂತಿತು, ನಿಂತದ್ದಕ್ಕೆ ಬ್ಯಾಟರಿ ಮಲಗಿತು.

ಪೇಟೆಯ ಬ್ಯಾಟರಿ ಅಂಗಡಿಯ ಬಾಷಾಣ್ಣ ಬಂದರು. ಮಾತು ಹೆಚ್ಚು, ಕೆಲಸವೂ ಪರವಾಗಿಲ್ಲ ಎನ್ನುವಂಥ ಮನುಷ್ಯ. ಗಾಜಿನ ಪಿಚಕಾರಿಯಲ್ಲಿ ಬ್ಯಾಟರಿಯ ನೀರು ಎಳೆದು ಬೆಳಕಿಗೆ ಹಿಡಿದರು.

"ಇದಕ್ಕೆ ಯಾವ ನೀರು ಹಾಕ್ತಿದ್ರಿ?"

ಅತ್ತೆ ಹೆಮ್ಮೆಯಿಂದಲೇ ಹೇಳಿದರು. "ಅಗ್ಘವಣಿ."

ಲಿಂಗಪೂಜೆಗೆಂದು ಮಡಿಯಿಂದ ತಂದಿಡುವ ನೀರಿಗೆ ನಮ್ಮಲ್ಲಿ ಹಾಗೆನ್ನುತ್ತಾರೆ. ಅದನ್ನು ತಾಮ್ರದ ಬಿಂದಿಗೆಯಲ್ಲಿ ಇಡುವುದು ಪದ್ಧತಿ. ಬ್ಯಾಟರಿಗೆ ಶುದ್ಧವಾದ ನೀರೇ ಹಾಕಬೇಕು ಎಂದು ಮಾವನವರಿಗೆ ಯಾರೋ ಹೇಳಿದ್ದರು. ಈ ಮನೆಯಲ್ಲಿ ಅದಕ್ಕಿಂತ ಶುದ್ಧವಾದ ನೀರು ಇನ್ನಾವುದಿತ್ತು? ವರ್ಷಗಟ್ಟಲೆ ಪೂಜೆ ಮುಗಿಸಿ, ಉಳಿದ ನೀರನ್ನು ಅವರೇ ಭಕ್ತಿಯಿಂದ ಬ್ಯಾಟರಿಗೆ ಎರೆಯುತ್ತಿದ್ದರು.

ಬಾಷಾಣ್ಣ ತಲೆ ಮೇಲೆ ಕೈ ಹೊತ್ತರು. "ಅಮ್ಮಾರೆ, ಬಾವಿ ನೀರು ಬ್ಯಾಡ, ನಲ್ಲಿ ನೀರು ಬ್ಯಾಡ, ದೇವರ ನೀರಂತೂ ಬ್ಯಾಡವೇ ಬ್ಯಾಡ. ತಾಮ್ರದ ಅಂಶ ಇಳಿದಿರ್ತದೆ. ಕೂತಲ್ಲೇ ಕರೆಂಟು ಸೋರಿ ಹೋಗ್ತದೆ." ಹೊಸದು ತರಿಸುವವರೆಗೆ ಒಂದೇ ದಾರಿ ಎಂದರು. ವಾರಕ್ಕೊಮ್ಮೆ ತಳ್ಳಿ ಚಾಲೂ ಮಾಡಿ, ಎರಡು ಮೂರು ತಾಸು ಆರಿಸದೆ ಓಡಿಸಬೇಕು. ಇಲ್ಲದಿದ್ದರೆ ಬ್ಯಾಟರಿ ಪೂರ್ತಿ ಸಾಯುತ್ತದೆ.

"ಓಡಿಸೋರು ಯಾರು?" ಎಂದರು ನಮ್ಮವರು. "ಮಾರಿಬಿಡೋಣ ಅಪ್ಪಾ. ನಿಂತು ನಿಂತು ಹಾಳಾಗ್ತೈತೆ."

ಮಾವನವರು ಕಣ್ಣು ಮುಚ್ಚಿಕೊಂಡರು. ಆಗ ನಾನು ಬಾಯಿಬಿಟ್ಟೆ. ತವರಿನಲ್ಲಿ ಅಪ್ಪನಿಗೆ ಎರಡು ಲಾರಿ, ಒಂದು ಜೀಪು ಇದ್ದವು. ಮದುವೆಗೆ ಮುಂಚೆಯೇ ನಾನು ಜೀಪು ಕಲಿತು ಲೈಸೆನ್ಸನ್ನೂ ಮಾಡಿಸಿದ್ದೆ. ಹೆಣ್ಣು ನೋಡಲು ಬಂದವರು ಹಾಡು ಬರುತ್ತದಾ, ಹೋಳಿಗೆ ಬರುತ್ತದಾ ಎಂದು ಕೇಳಿದ್ದರೇ ಹೊರತು ಕ್ಲಚ್ಚಿನ ವಿಷಯ ಯಾರೂ ಎತ್ತಿರಲಿಲ್ಲ. ಮಾವನವರು ಒಂದು ಕಣ್ಣು ತೆರೆದು ನನ್ನನ್ನು ಅಳೆದರು. "ಇಕಿ ಓಡಿಸ್ಲಿ" ಎಂದರು. ಸೊಸೆ ಒಬ್ಬಳೇ ಹೋಗುವುದು ಸರಿಯಲ್ಲವೆಂದು ಅತ್ತೆ ಜೊತೆಗೆ ಹೊರಟರು.

ಮೊದಲ ಭಾನುವಾರ ಅಂಜನಾಪುರದ ಕಟ್ಟೆಯವರೆಗೆ ಹೋಗಿ ಬಂದೆವು. ಬಾಷಾಣ್ಣ ಪಿಚಕಾರಿ ಎಳೆದು ನೋಡಿ, "ಅಂಜನಾಪುರ ಸಾಲಲ್ಲ" ಎಂದರು. ಮುಂದಿನ ಭಾನುವಾರ ಶಿರಾಳಕೊಪ್ಪಕ್ಕೆ ಹೋದೆವು. ಅಲ್ಲಿ ಕಾರು ತಿರುಗಿಸಲು ಜಾಗ ನೋಡುತ್ತಿದ್ದೆ. ಅದುವರೆಗೆ ಹಿಂದಿನ ಸೀಟಿನಲ್ಲಿ ಸುಮ್ಮನೆ ಕೂತಿದ್ದ ಅತ್ತೆ ಹೇಳಿದರು. "ಇನ್ನೊಂಚೂರು ಮುಂದೆ ಹೋಗೋಣ. ಬ್ಯಾಟರಿಗೆ ಒಳ್ಳೇದು."

ಮುಂದೆ ಎಂದರೆ ಸೊರಬದ ರಸ್ತೆ.

ಸೊರಬದಲ್ಲಿ ಅತ್ತೆಯ ತವರಿತ್ತು. ಅಲ್ಲಿದ್ದವರು ಅವರ ಒಬ್ಬನೇ ತಮ್ಮ ಚನ್ನವೀರಪ್ಪ. ತಮ್ಮ ತನ್ನ ಮಗಳನ್ನು ಅಕ್ಕನ ಮಗನಿಗೆ, ಅಂದರೆ ನಮ್ಮವರಿಗೆ, ಕೊಡುತ್ತೇನೆಂದು ಮಾತು ಕೊಟ್ಟಿದ್ದರು. ಆಮೇಲೆ ವ್ಯಾಪಾರದ ಮನೆಗಿಂತ ನೌಕರಿ ಮನೆ ವಾಸಿ ಎನಿಸಿತೋ ಏನೋ, ಹುಡುಗಿಯನ್ನು ಒಬ್ಬ ಎಂಜಿನಿಯರನಿಗೆ ಕೊಟ್ಟರು. ಮಾವನವರು ನಾಲ್ಕು ಜನರ ಎದುರು, "ಆ ಮನೆ ಹೊಸ್ತಿಲು ಇನ್ನು ನಮ್ಮ ಮನೆಯವರು ತುಳಿಯೋದಿಲ್ಲ" ಎಂದುಬಿಟ್ಟರು. ನಾಲ್ಕು ಜನರ ಎದುರು ಆಡಿದ ಮಾತನ್ನು ನಮ್ಮ ಕಡೆ ನುಂಗುವುದಿಲ್ಲ. ಅದಾದ ಮೇಲೆಯೇ ಅವರು ಹೆಣ್ಣು ಹುಡುಕಿಕೊಂಡು ದಾವಣಗೆರೆಗೆ ಬಂದದ್ದು. ಚನ್ನವೀರಪ್ಪನವರು ಮಾತು ಮುರಿದದ್ದರಿಂದಲೇ ನನ್ನ ಮದುವೆಯಾಯಿತು. ಅವರ ಮೇಲೆ ಸಿಟ್ಟಾಗಲು ನನಗಂತೂ ಕಾರಣವಿರಲಿಲ್ಲ.

ಆ ಬೇಸಿಗೆಯಲ್ಲಿ ಸೊರಬದಿಂದ ಬಂದವರೊಬ್ಬರು ಚನ್ನವೀರಪ್ಪನವರ ಕಿಡ್ನಿ ಸೋತಿದೆ, ಹೆಚ್ಚು ದಿನ ಕಷ್ಟ ಎಂದು ಹೇಳಿ ಹೋಗಿದ್ದರು. ಅತ್ತೆ ಆಗ ಅಕ್ಕಿ ಕೇರುತ್ತಿದ್ದರು. ಕೇಳಿಸಿಕೊಂಡರು, ಮತ್ತೆ ಕೇರಿದರು. ಹೋಗುತ್ತೇನೆ ಎಂದು ಗಂಡನನ್ನು ಕೇಳಲಿಲ್ಲ. ಕೇಳಿದ್ದರೆ ಆ ಮನುಷ್ಯ ಬೇಡ ಎನ್ನಬೇಕಾಗುತ್ತಿತ್ತು.

ಸೊರಬದ ಮನೆಯ ಮುಂದೆ ನಿಲ್ಲಿಸಿದಾಗ ಅತ್ತೆ, "ಎಂಜಿನ್ ಆರಿಸಬ್ಯಾಡ" ಎಂದರು. ಅದು ಬಾಷಾಣ್ಣನ ಆಜ್ಞೆಯೂ ಹೌದು. ಆರಿಸಿದರೆ ಮತ್ತೆ ತಳ್ಳಲು ಜನ ಹುಡುಕಬೇಕು. ಅತ್ತೆ ಇಳಿಯಲಿಲ್ಲ. ಡೀಸೆಲ್ ಎಂಜಿನ್ನಿನ ಸದ್ದು ಕೇಳಿ ಚನ್ನವೀರಪ್ಪನವರೇ ಹೊರಗೆ ಬಂದರು. ಮುಖ ಊದಿತ್ತು. ಕೊಡೆ ಹಿಡಿದು ಜಗಲಿಯ ಮೇಲೆ ತುಸು ಹೊತ್ತು ನಿಂತರು. ಅತ್ತೆ ಆ ಕಡೆಯ ಬಾಗಿಲು ತೆರೆದು ಸರಿದು ಕೂತರು. ತಮ್ಮ ಬಂದು ಅಕ್ಕನ ಪಕ್ಕ ಕೂತು ಬಾಗಿಲು ಹಾಕಿಕೊಂಡರು. ಹೊಸ್ತಿಲನ್ನು ಯಾರೂ ತುಳಿಯಲಿಲ್ಲ. ಕಾರು ನಮ್ಮ ಮನೆಯದು, ತಮ್ಮ ಅಕ್ಕನ ಮನೆಗೆ ಬಂದ ಲೆಕ್ಕ. ಈ ಕಾನೂನನ್ನು ಅತ್ತೆ ದಾರಿಯಲ್ಲಿ ಯೋಚಿಸಿದ್ದರೋ, ಅಕ್ಕಿ ಕೇರುವಾಗಲೇ ಯೋಚಿಸಿದ್ದರೋ, ನನಗೆ ಗೊತ್ತಿಲ್ಲ.

ನಾನು ಸ್ಟೇರಿಂಗ್ ಹಿಡಿದು ಮಳೆ ನೋಡುತ್ತಿದ್ದೆ. ಕಿವಿ ಮುಚ್ಚಿಕೊಳ್ಳಲು ಆಗುವುದಿಲ್ಲವಲ್ಲ.

"ಉಣ್ತೀಯಾ?"

"ಉಪ್ಪು ಬಿಡಿಸಿದಾರೆ ಅಕ್ಕಾ. ಉಪ್ಪಿಲ್ದೆ ಏನು ಉಣ್ಣದು?"

"ಕಾಲು ಊದೈತಲ್ಲೋ."

"ಹ್ಞೂಂ. ಭಾವ ಹೆಂಗಿದಾರೆ?"

"ಅವರಿಗೆ ಬ್ಯಾಟರಿದೇ ಚಿಂತೆ."

ಇಬ್ಬರೂ ನಕ್ಕರು. ಮುರಿದ ಮಾತಿನ ಬಗ್ಗೆ ಆ ದಿನವೂ ಮಾತಾಡಲಿಲ್ಲ, ಮುಂದಿನ ವಾರಗಳಲ್ಲೂ ಆಡಲಿಲ್ಲ. ಅಂಬ್ಲಿಗೊಳದ ಕೆರೆ ಈ ಸಲ ಕೋಡಿ ಬೀಳುತ್ತದಾ, ಚಿಕ್ಕಂದಿನಲ್ಲಿ ಇವರನ್ನು ಅಟ್ಟಿಸಿಕೊಂಡು ಬಂದ ಎಮ್ಮೆಯ ಬಣ್ಣ ಕಪ್ಪೋ ಕಂದೋ, ಅಪ್ಪನ ಹೊಡೆತ ಯಾರಿಗೆ ಜಾಸ್ತಿ ಬಿದ್ದದ್ದು, ಇಂಥವೇ. ಚನ್ನವೀರಪ್ಪನವರ ಹೆಂಡತಿ ಕಿಟಕಿಯಿಂದ ಚಾ ಲೋಟ ಕೊಡುತ್ತಿದ್ದರು. ಅತ್ತೆ ಕುಡಿಯುತ್ತಿದ್ದರು. ಹೊಸ್ತಿಲು ತುಳಿಯಬಾರದು ಎಂದಿದ್ದರೇ ವಿನಾ ಚಾ ಕುಡಿಯಬಾರದು ಎಂದು ಮಾವನವರು ಹೇಳಿರಲಿಲ್ಲ.

ಹೀಗೆ ಆಷಾಢ ಕಳೆಯಿತು. ಮನೆಗೆ ಬಂದರೆ ಮಾವನವರು ಕೇಳುವುದು ಒಂದೇ ಮಾತು, "ಎಷ್ಟು ಓಡ್ತು?" ಅತ್ತೆ, "ಬ್ಯಾಟರಿಗೆ ಸಾಕಾಗೋವಷ್ಟು" ಎನ್ನುತ್ತಿದ್ದರು. ಯಾವ ಕಡೆ ಎಂದು ಅವರು ಕೇಳಲಿಲ್ಲ, ಇವರು ಹೇಳಲಿಲ್ಲ. ನಮ್ಮವರಿಗೆ ನಾನೂ ಹೇಳಲಿಲ್ಲ. ಅವರ ಹೊಟ್ಟೆಯಲ್ಲಿ ಮಾತು ನಿಲ್ಲುವುದು ಕಡಿಮೆ.

ಶ್ರಾವಣದ ಹೊತ್ತಿಗೆ ಹೊಸ ಬ್ಯಾಟರಿ ಬಂತು. ಬಾಷಾಣ್ಣ ಕೂರಿಸಿ, ಟರ್ಮಿನಲ್ಲಿಗೆ ವ್ಯಾಸಲೀನ್ ಹಚ್ಚಿ, ಡಿಸ್ಟಿಲ್ಡ್ ವಾಟರಿನ ಬಾಟಲಿಯನ್ನು ಅತ್ತೆಯ ಕೈಗೆ ಕೊಟ್ಟು, "ಇದೇ ಇದರ ಅಗ್ಘವಣಿ" ಎಂದರು. ನಮ್ಮವರು ಕೀಲಿ ತಿರುಗಿಸಿದರು. ಕಾರು ಒಂದೇ ಏಟಿಗೆ ಎದ್ದಿತು. "ಇನ್ನು ವಾರ ವಾರ ಓಡಿಸಬೇಕಂತಿಲ್ಲ. ತಿಂಗಳಿಗೊಮ್ಮೆ ಹಂಗೆ ಪೇಟೆ ಸುತ್ತಿಸಿದ್ರೂ ನಡೀತದೆ" ಎಂದರು ಬಾಷಾಣ್ಣ. ಎಲ್ಲರಿಗೂ ಸಮಾಧಾನವಾಯಿತು. ಅತ್ತೆ ಮಾತ್ರ ಬಾಷಾಣ್ಣನಿಗೆ ಕೊಟ್ಟ ಚಾದ ಲೋಟ ವಾಪಸು ತೆಗೆದುಕೊಳ್ಳುವುದನ್ನು ಮರೆತು ನಿಂತಿದ್ದರು.

ಆ ಭಾನುವಾರ ಸೊರಬಕ್ಕೆ ಹೋಗಲಿಲ್ಲ. ಇನ್ನೊಂದು ಭಾನುವಾರ ಬೆಳಿಗ್ಗೆ ನಮ್ಮವರು ಸುಮ್ಮನೆ ನೋಡೋಣವೆಂದು ಕೀಲಿ ತಿರುಗಿಸಿದರೆ ಹೊಸ ಬ್ಯಾಟರಿ ಸತ್ತು ಮಲಗಿತ್ತು.

"ಓಡಿಸ್ದೆ ಇದ್ರೆ ಹಿಂಗೇ ಆಗೋದು" ಎಂದರು ಅತ್ತೆ, ಯಾರಿಗೂ ಅಲ್ಲದ ಹಾಗೆ.

ತಳ್ಳಿದೆವು. ಶೆಡ್ಡಿನ ಮುಂದೆ ಇಳಿಜಾರಿತ್ತು, ಎರಡನೇ ಗೇರಿಗೆ ಹಾಕಿ ಕ್ಲಚ್ಚು ಬಿಟ್ಟರೆ ಎಂಜಿನ್ ಹತ್ತುತ್ತಿತ್ತು. ಸೊರಬಕ್ಕೆ ಹೋದೆವು. ಅಲ್ಲಿಂದ ಮುಂದೆ ಪ್ರತಿ ವಾರವೂ ಅದೇ ಕಥೆ. ವಾರದ ನಡುವೆ ನೋಡಿದರೆ ಚೆನ್ನಾಗಿರುತ್ತಿತ್ತು, ಭಾನುವಾರ ಬೆಳಗಾಗುವಷ್ಟರಲ್ಲಿ ಇಳಿದಿರುತ್ತಿತ್ತು. ಬಾಷಾಣ್ಣ ರೆಗ್ಯುಲೇಟರ್ ಬದಲಿಸಿದರು, ಡೈನಮೋ ಬಿಚ್ಚಿ ಕಟ್ಟಿದರು, ವೈರುಗಳನ್ನೆಲ್ಲ ಎಳೆದು ನೋಡಿದರು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದ ಹಾಗೆ. ಕೊನೆಗೆ, "ಶೆಡ್ಡಿನಾಗೆ ಥಂಡಿ ಜಾಸ್ತಿ" ಎಂದು ತೀರ್ಪು ಕೊಟ್ಟರು. ಬ್ಯಾಟರಿಯ ಕೆಳಗೆ ಹಲಗೆಯನ್ನೂ ಇಟ್ಟರು.

ಒಂದು ಶುಕ್ರವಾರ ಮುಸ್ಸಂಜೆ ಕರೆಂಟು ಹೋಗಿತ್ತು. ನಾನು ಮಾವನವರಿಗೆ ಗಂಜಿ ಕುಡಿಸುತ್ತಿದ್ದೆ. ಕಿಟಕಿಯಾಚೆ, ಶೆಡ್ಡಿನ ಮುರಿದ ಹಲಗೆಯ ಸಂದಿನಲ್ಲಿ ಒಳಗೋಡೆಯ ಮೇಲೆ ಸಣ್ಣಗೆ ಕೆಂಪು ಬೆಳಕು ಕಂಡಿತು. ಕಾರಿನ ಹಿಂದಿನ ದೀಪ. ಕರೆಂಟು ಇದ್ದಾಗ ಬೀದಿ ದೀಪದ ಬೆಳಕಿನಲ್ಲಿ ಅದು ಗೊತ್ತೇ ಆಗುತ್ತಿರಲಿಲ್ಲ. ಮಳೆಗಾಲದಲ್ಲಿ ಒಲೆಗೆ ಬೇಕಾದ ಸಗಣಿ ಕುಳ್ಳನ್ನು ನಾವು ಶೆಡ್ಡಿನಲ್ಲಿ ಇಡುತ್ತಿದ್ದೆವು. ಆ ಮಧ್ಯಾಹ್ನ ಕುಳ್ಳು ತರಲು ಅಲ್ಲಿಗೆ ಹೋದವರು ಅತ್ತೆ ಒಬ್ಬರೇ. ಪ್ರತಿ ಶುಕ್ರವಾರ ಅವರೇ ಹೋಗುತ್ತಿದ್ದರು. ಭಾನುವಾರ ನಸುಕಿನಲ್ಲೂ ಅವರೇ.

ನನಗೆ ಅರ್ಥವಾಯಿತು. ಆದರೂ ಅಭ್ಯಾಸಬಲದಿಂದ ಬಟ್ಟಲು ಕೆಳಗಿಟ್ಟು, "ಮಾವಾ, ಗಾಡಿ ಲೈಟ್ ಉರೀತೈತೆ, ಆರಿಸಿ ಬರ್ತೀನಿ" ಎಂದೆ.

ಅವರು ಎಡಗೈಯಿಂದ ಮಂಚ ತಟ್ಟಿದರು. "ಕೂರು. ಗಂಜಿ ಆರ್ತದೆ."

ಕೂತೆ. ಅವರು ಆ ಕೆಂಪು ಬೆಳಕನ್ನೇ ನೋಡುತ್ತ ಗಂಜಿ ಕುಡಿದರು. ಕಾರಿನ ಮೈಮೇಲೆ ನೊಣ ಕೂತರೂ ಸಹಿಸದ ಮನುಷ್ಯ. ಆ ಕಿಟಕಿಯ ಪಕ್ಕದಲ್ಲೇ ಹಗಲು ರಾತ್ರಿ ಮಲಗಿದ್ದವರು. ಕರೆಂಟು ಹೋದ ಹಿಂದಿನ ಶುಕ್ರವಾರಗಳಲ್ಲಿ ಇದನ್ನು ನೋಡದೆ ಇದ್ದಾರೆಯೇ? ಬಟ್ಟಲು ಖಾಲಿಯಾದ ಮೇಲೆ, "ಇರ್ಲಿ" ಎಂದರು.

ನನಗೆ ಅವರ ಮೇಲೆ ಪ್ರೀತಿ ಬಂತು, ಅದರ ಬೆನ್ನಿಗೇ ಸಿಟ್ಟೂ ಬಂತು. ಹೋಗಿ ಬಾ ಎಂದು ಒಂದು ಮಾತು ಹೇಳಿದ್ದರೆ ಬ್ಯಾಟರಿಯಾದರೂ ಬದುಕುತ್ತಿತ್ತು. ಆದರೆ ಆ ಕಾಲದ ಗಂಡ ಹೆಂಡತಿ ಹಾಗೆ. ಒಬ್ಬರು ಕೇಳದೆ ಇನ್ನೊಬ್ಬರು ಕೊಟ್ಟರೂ ಅದಕ್ಕೊಂದು ಮರೆ ಬೇಕಾಗಿತ್ತು.

ಆ ಭಾನುವಾರ ಮಳೆ ಕಡಿಯಲಿಲ್ಲ. ಶಿರಾಳಕೊಪ್ಪದ ದಾರಿಯಲ್ಲಿ ಹಳ್ಳದ ನೀರು ರಸ್ತೆಯ ಮೇಲೆ ಹತ್ತಿದೆ, ಬಸ್ಸುಗಳೂ ನಿಂತಿವೆ ಎಂದು ಸುದ್ದಿ ಬಂತು. ಹೊರಡಲಿಲ್ಲ. ಅತ್ತೆ ಬಾಗಿಲಲ್ಲಿ ನಿಂತು ಮಳೆ ನೋಡಿದರು. ಶೆಡ್ಡಿಗೆ ಹೋಗಿ ದೀಪ ಆರಿಸುವುದನ್ನೇ ಮರೆತರು.

ಸೋಮವಾರ ಬೆಳಿಗ್ಗೆ ಸೊರಬದಿಂದ ಫೋನು ಬಂತು. ನಮ್ಮವರು ಎತ್ತಿಕೊಂಡರು, ಕೆಳಗಿಟ್ಟರು. "ಸೊರಬದ ಮಾವಂಗೆ ಭಾಳ ಆಗೈತಂತೆ. ಅಕ್ಕನ್ನ ಕೇಳ್ತಿದಾರಂತೆ" ಎಂದರು. ಹಳ್ಳ ಇಳಿದಿತ್ತು. ಆದರೆ ದಿನ ಸೋಮವಾರ. ಅಷ್ಟೇ ಅಲ್ಲ, ಕೀಲಿ ತಿರುಗಿಸಿದರೆ ಟಕ್ ಎಂದಿತು, ಅಷ್ಟೇ. ಶುಕ್ರವಾರದಿಂದ ಉರಿದ ದೀಪ ಉರಿದು ಉರಿದು ತಾನೂ ಆರಿಹೋಗಿತ್ತು. ಅತ್ತೆ ಶೆಡ್ಡಿನ ಕಂಬ ಹಿಡಿದು ನಿಂತಿದ್ದರು. "ನನ್ನ ಕೈಯಾರೆ" ಎಂದರು. ಅಂಥ ಮುಖವನ್ನು ನಾನು ಅವರಲ್ಲಿ ಅದಕ್ಕೆ ಮುಂಚೆ ನೋಡಿರಲಿಲ್ಲ.

ಕಿಟಕಿಯೊಳಗಿಂದ ಮಾವನವರ ದನಿ ಬಂತು. "ತಳ್ರಿ."

"ಅಪ್ಪಾ, ಸೋಮವಾರ" ಎಂದರು ನಮ್ಮವರು.

"ಬಸವಣ್ಣ ಏನೂ ಅನ್ನಲ್ಲ. ತಳ್ರಿ."

ಅಕ್ಕಪಕ್ಕದವರೂ ಬಂದು ತಳ್ಳಿದರು. ಸೋಮವಾರ ಈ ಮನೆಯ ಕಾರು ಅಲ್ಲಾಡಿದ್ದನ್ನು ನೋಡಲೆಂದೇ ಕೆಲವರು ಬಂದಿದ್ದರು. ಇಳಿಜಾರಿನ ತುದಿಯಲ್ಲಿ, ಇನ್ನು ಆಗುವುದಿಲ್ಲ ಎನ್ನುವಾಗ, ಎಂಜಿನ್ ಹತ್ತಿತು. ಅತ್ತೆ ಹಿಂದಿನ ಸೀಟಿನಲ್ಲಿ ತಮ್ಮ ಎಂದಿನ ಜಾಗದಲ್ಲೇ ಕೂತರು, ಪಕ್ಕದ ಜಾಗ ಖಾಲಿ ಬಿಟ್ಟು.

ಸೊರಬದ ಮನೆ ಮುಂದೆ ನಿಲ್ಲಿಸಿದೆ. ಹೊರಗೆ ಬಂದವರು ಚನ್ನವೀರಪ್ಪನವರ ಹೆಂಡತಿ ಒಬ್ಬರೇ. ಕೈಯಲ್ಲಿ ಚಾ ಇರಲಿಲ್ಲ. "ಅವ್ರಿಗೆ ಏಳಕ್ಕೇ ಆಗ್ತಿಲ್ಲ ಅಕ್ಕಾ" ಎಂದರು. ಒಳಗೆ ಬನ್ನಿ ಎಂದು ಕರೆಯಲು ಅವರಿಗೂ ಧೈರ್ಯವಿರಲಿಲ್ಲ.

ಅತ್ತೆ ಮುಂದಿನ ಸೀಟಿನ ಬೆನ್ನು ಹಿಡಿದು ಕೂತರು. ಎಂಜಿನ್ ಕಾರನ್ನು ನಡುಗಿಸುತ್ತಿತ್ತು.

"ಎಂಜಿನ್ ಆರಿಸು" ಎಂದರು.

"ಆರಿಸಿದ್ರೆ ಮತ್ತೆ ಹತ್ತುತ್ತೋ ಇಲ್ವೋ ಅತ್ತೆ."

"ಹತ್ತದಿದ್ರೆ ಬಿಡು."

ಕೀಲಿ ತಿರುಗಿಸಿದೆ. ಅಷ್ಟು ವಾರ ಬಂದಿದ್ದರೂ ಆ ಬೀದಿಯ ಸದ್ದನ್ನು ನಾನು ಕೇಳಿರಲೇ ಇಲ್ಲ. ಹಂಚಿನಿಂದ ನೀರು ತೊಟ್ಟಿಕ್ಕುತ್ತಿತ್ತು, ಎಲ್ಲೋ ಒಂದು ಕರು ಕೂಗುತ್ತಿತ್ತು. ಅತ್ತೆ ಇಳಿದರು. ಜಗಲಿಯ ಕೆಳಗೆ ಚಪ್ಪಲಿ ಬಿಟ್ಟು, ಸೆರಗು ಹೊದ್ದು, ಹೊಸ್ತಿಲನ್ನು ಬಗ್ಗಿ ಮುಟ್ಟಿ ನಮಸ್ಕರಿಸಿ ಒಳಗೆ ಹೋದರು.

ಚನ್ನವೀರಪ್ಪನವರು ಆ ಸಂಜೆ ತೀರಿಕೊಂಡರು. ಅಕ್ಕ ಬಂದದ್ದು ಅವರಿಗೆ ಗೊತ್ತಾಗಿತ್ತು ಎಂದು ಅವರ ಹೆಂಡತಿ ಹೇಳಿದರು. ಒಳಗೆ ಏನು ಮಾತಾಯಿತೆಂದು ನಾನು ಅತ್ತೆಯನ್ನು ಕೇಳಲಿಲ್ಲ. ಮಣ್ಣು ಮುಗಿಸಿ ಹೊರಟಾಗ ಹೆದರುತ್ತಲೇ ಕೀಲಿ ತಿರುಗಿಸಿದೆ. ಕಾರು ಒಂದೇ ಏಟಿಗೆ ಎದ್ದಿತು. ಅಷ್ಟು ದೂರ ಓಡಿ ಬಂದದ್ದರಿಂದ ಬ್ಯಾಟರಿ ತುಂಬಿಕೊಂಡಿತ್ತು. ಆ ವಿಷಯದಲ್ಲಿ ಬಾಷಾಣ್ಣ ಹೇಳಿದ್ದು ಸರಿ.

ಮನೆಗೆ ಬಂದ ಮೇಲೆ ಹೊಸ್ತಿಲಿನ ಮಾತನ್ನು ಮಾವನವರು ಎತ್ತಲಿಲ್ಲ. ಅತ್ತೆಯೂ ಎತ್ತಲಿಲ್ಲ. ಶುಕ್ರವಾರ ಅತ್ತೆ ಕುಳ್ಳು ತರಲು ನನ್ನನ್ನು ಕಳಿಸಿದರು. ಹಲವು ವಾರ ಹಾಗೆಯೇ ಕಳೆದು ಮಳೆ ಹಿಂದಾಯಿತು. ಒಂದು ಭಾನುವಾರ ಮುಸ್ಸಂಜೆ ಅತ್ತೆ ಮಾವನವರ ಕಂಬಳಿ ಮಡಿಸುತ್ತಿದ್ದರು. ನಾನು ಅಲ್ಲೇ ದೀಪದ ಗಾಜು ಒರೆಸುತ್ತಿದ್ದೆ. ಮಾವನವರು ಕೇಳಿದರು.

"ಬ್ಯಾಟರಿ ಇಳೀಲಿಲ್ವಾ ಈ ವಾರ?"

ಅತ್ತೆಯ ಕೈ ನಿಂತಿತು. ಗಂಡನ ಮುಖವನ್ನು ಬಹಳ ಹೊತ್ತು ನೋಡಿದರು. ಆಮೇಲೆ ಕಂಬಳಿಯನ್ನು ಅವರ ಕಾಲಿನ ಮೇಲೆ ಹೊದಿಸಿದರು.

"ಇಲ್ಲ" ಎಂದರು. "ಇನ್ನು ಇಳಿಯಲ್ಲ."

ಮಾವನವರು ಕಿಟಕಿಯ ಕಡೆ ತಿರುಗಿದರು. ಶೆಡ್ಡಿನೊಳಗೆ ಕತ್ತಲೆಯಿತ್ತು.